‘ಯಾರ ಕಡೆಯವರು ನೀವು?’: ಕೆಲಸ ಹುಡುಕಿಕೊಡುವ ಆ್ಯಪ್‌ಗಳು ಉತ್ತರಿಸಬೇಕಾದ ಹಳೆಯ ಪ್ರಶ್ನೆ

“ತುರ್ತಾಗಿ ಬೇಕಾಗಿದ್ದಾರೆ! ದೇವನಹಳ್ಳಿ ಹತ್ತಿರ ದೊಡ್ಡ ಮೊಬೈಲ್ ಕಂಪನಿಗೆ 500 ಜನ ಹುಡುಗರು, ಹುಡುಗಿಯರು. ಎಸ್‌ಎಸ್‌ಎಲ್‌ಸಿ ಪಾಸ್/ಫೇಲ್ ಯಾರಾದರೂ ಪರವಾಗಿಲ್ಲ. ಸಂಬಳ 25,000. ಊಟ, ರೂಮ್ ಫ್ರೀ. ಯೂನಿಫಾರ್ಮ್, ಗೇಟ್ ಪಾಸ್‌ಗೆ 750 ರೂ. ಮಾತ್ರ ಫೋನ್ ಪೇ ಮಾಡಿ. ನಿಮಗೆ ಬೇಡವಾದರೂ ಬಡವರ ಮಕ್ಕಳಿಗೆ ಉಪಯೋಗವಾಗಲಿ, ಎಲ್ಲ ಗ್ರೂಪ್‌ಗೂ ಶೇರ್ ಮಾಡಿ.”

ಗೌರಿಬಿದನೂರು, ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಚಿಂತಾಮಣಿ ಕಡೆಯ ಓದುಗರಿಗೆ ಈ ಧಾಟಿಯ ಮೆಸೇಜು ಹೊಸದಲ್ಲ. ಕಂಪನಿಯ ಹೆಸರು ಬದಲಾಗುತ್ತದೆ, ಫೋನ್ ನಂಬರ್ ಬದಲಾಗುತ್ತದೆ, ಕೊನೆಯ ಸಾಲು ಮಾತ್ರ ಹಾಗೇ ಇರುತ್ತದೆ.

ಸುಲಭದ ಭಾಗವನ್ನು ಮೊದಲು ಮುಗಿಸೋಣ. ಕೆಲಸಕ್ಕೆ ಸೇರುವ ಮುಂಚೆಯೇ ಯೂನಿಫಾರ್ಮ್, ಗೇಟ್ ಪಾಸ್, ಮೆಡಿಕಲ್, ರಿಜಿಸ್ಟ್ರೇಷನ್ ಎಂದು ಯಾವ ಹೆಸರಿನಲ್ಲಾದರೂ ನಿಮ್ಮಿಂದ ದುಡ್ಡು ಕೇಳಿದರೆ, ಅದು ಮೋಸ ಎಂದುಕೊಂಡೇ ಮುಂದಿನ ಮಾತಾಡಿ. 750 ರೂಪಾಯಿ ಎಂಬ ಮೊತ್ತವೂ ಲೆಕ್ಕಾಚಾರದ್ದೇ. ಹೋದರೆ ಪೊಲೀಸ್ ಠಾಣೆ ಹತ್ತುವಷ್ಟು ದೊಡ್ಡದಲ್ಲ, ಆದರೆ 400 ಜನ ಕಳಿಸಿದರೆ ಮೂರು ಲಕ್ಷ ಆಯಿತು.

ಕಷ್ಟದ ಭಾಗ ಬೇರೆ ಇದೆ. ಇಂಥ ಮೆಸೇಜನ್ನು ಶೇರ್ ಮಾಡುವವರಲ್ಲಿ ಬಹುಪಾಲು ಒಳ್ಳೆಯ ಮನಸ್ಸಿನವರೇ. ಅವರ ತಲೆಯಲ್ಲಿ ಒಂದು ನಂಬಿಕೆ ಇರುತ್ತದೆ: ಅಲ್ಲೆಲ್ಲೋ ಕೆಲಸ ಖಾಲಿ ಇದೆ, ಇಲ್ಲೆಲ್ಲೋ ಕೆಲಸವಿಲ್ಲದವರು ಇದ್ದಾರೆ, ನಡುವೆ ಸುದ್ದಿ ತಲುಪುತ್ತಿಲ್ಲ ಅಷ್ಟೆ. ಸುದ್ದಿ ತಲುಪಿಸಿದರೆ ಎರಡೂ ಕಡೆಗೂ ಅನುಕೂಲ. ಡಿಗ್ರಿ ಮುಗಿಸಿದ ನಾಲ್ಕು ಜನ ಟೀ ಅಂಗಡಿ ಮುಂದೆ ಕೂತು “ಮಗಾ, ಒಂದು ಆ್ಯಪ್ ಮಾಡಿಬಿಡೋಣ, ಗಾರ್ಮೆಂಟ್ಸ್‌ನವರಿಗೆ ಜನ ಸಿಗ್ತಿಲ್ಲ, ನಮ್ಮ ಹಳ್ಳಿ ಕಡೆ ಹುಡುಗರಿಗೆ ಕೆಲಸ ಸಿಗ್ತಿಲ್ಲ” ಎಂದು ಮಾತಾಡುವಾಗಲೂ ಆಧಾರ ಇದೇ ನಂಬಿಕೆ. ಇದು ಅರ್ಧ ನಿಜ. ಉಳಿದರ್ಧ ಗೊತ್ತಿಲ್ಲದೆ ಈ ವ್ಯಾಪಾರಕ್ಕೆ ಕೈಹಾಕಿದವರು ಬೆಂಗಳೂರಿನಂಥ ಬೆಂಗಳೂರಿನಲ್ಲೇ ಏಗಿದ್ದಾರೆ.

ಗೂಡಿನ ಮಾರುಕಟ್ಟೆಯನ್ನೊಮ್ಮೆ ನೋಡಿ

ಕೊಳ್ಳುವವರನ್ನೂ ಮಾರುವವರನ್ನೂ ಒಂದೇ ಕಡೆ ಸೇರಿಸುವ ಕೆಲಸವನ್ನು ನಮ್ಮ ಜಿಲ್ಲೆ ಬಹಳ ಚೆನ್ನಾಗಿ ಮಾಡಿ ತೋರಿಸಿದೆ, ಆದರೆ ಬೇರೆ ವಸ್ತುವಿನಲ್ಲಿ. ಶಿಡ್ಲಘಟ್ಟದ ಸರ್ಕಾರಿ ರೇಷ್ಮೆ ಗೂಡಿನ ಮಾರುಕಟ್ಟೆಗೆ ಬೆಳಿಗ್ಗೆ ಹೋದವರಿಗೆ ಇದು ಗೊತ್ತು. ರೈತ ಗೂಡು ತಂದು ಸುರಿಯುತ್ತಾನೆ, ಆ ರಾಶಿಗೊಂದು ಲಾಟ್ ನಂಬರ್ ಬೀಳುತ್ತದೆ. ರೀಲರ್‌ಗಳು ಬಂದು ಒಂದು ಹಿಡಿ ಗೂಡು ಎತ್ತಿ ನೋಡುತ್ತಾರೆ, ಅಲುಗಿಸಿ ಕೇಳುತ್ತಾರೆ, ಒತ್ತಿ ನೋಡುತ್ತಾರೆ. ಆಮೇಲೆ ಹರಾಜು. ಹಿಂದೆ ಬಾಯಲ್ಲಿ ಕೂಗುತ್ತಿದ್ದರು, ಈಗ ಇ-ಹರಾಜು. ಬೆಲೆ ಕುದುರಿದ ಮೇಲೆ ಎಲ್ಲರ ಮುಂದೆ ತೂಕ.

ಇದು ತಾನಾಗಿ ಆದದ್ದಲ್ಲ. ಗೂಡಿನ ವ್ಯಾಪಾರ ಸರ್ಕಾರ ಗುರುತಿಸಿದ ಮಾರುಕಟ್ಟೆಯೊಳಗೇ, ಎಲ್ಲರ ಕಣ್ಣೆದುರಿಗೇ ನಡೆಯಬೇಕು ಎಂಬ ವ್ಯವಸ್ಥೆಯ ಹಿಂದೆ ಕರ್ನಾಟಕದ 1959ರ ರೇಷ್ಮೆ ಬಿತ್ತನೆ, ಗೂಡು ಮತ್ತು ನೂಲಿನ ನಿಯಂತ್ರಣ ಕಾಯ್ದೆ ಇದೆ.

ಹಾಗಾದರೆ ಕೆಲಸಗಾರರಿಗೂ ಇಂಥದ್ದೇ ಒಂದು ಮಾರುಕಟ್ಟೆಯನ್ನು ಫೋನಿನೊಳಗೆ ಮಾಡಿದರೆ ಆಯಿತಲ್ಲ? ಆಗುವುದಿಲ್ಲ. ಗೂಡನ್ನು ಕೈಯಲ್ಲಿ ಹಿಡಿದು ನೋಡಬಹುದು. ನಾಳೆ ಬೆಳಿಗ್ಗೆ ಏಳು ಗಂಟೆಗೆ ಈ ಹುಡುಗ ಮೆಷಿನ್ ಮುಂದೆ ಇರುತ್ತಾನಾ, ಮೂರು ತಿಂಗಳಾದ ಮೇಲೂ ಇರುತ್ತಾನಾ ಎಂಬುದನ್ನು ಹಿಡಿದು ನೋಡಲು ಬರುವುದಿಲ್ಲ. ಇನ್ನೊಂದು ವ್ಯತ್ಯಾಸವೂ ಇದೆ, ಇದನ್ನು ಜನ ಮರೆಯುತ್ತಾರೆ. ಮಾರಾಟವಾದ ಗೂಡಿಗೆ ರೀಲರ್ ಎಂಥವನೆಂದು ಚಿಂತೆಯಿಲ್ಲ. ಕೆಲಸಕ್ಕೆ ಹೋಗುವ ಹೆಣ್ಣುಮಗಳಿಗೆ ಸೂಪರ್‌ವೈಸರ್ ಎಂಥವನು, ವ್ಯಾನು ರಾತ್ರಿ ಎಷ್ಟು ಗಂಟೆಗೆ ಊರಿಗೆ ಬಿಡುತ್ತದೆ, ಸಂಬಳ ಯಾವ ತಾರೀಖಿಗೆ ಬರುತ್ತದೆ ಎಂಬುದೇ ಮುಖ್ಯ. ಇದೂ ಹೊರಗಿನಿಂದ ಕಾಣುವುದಿಲ್ಲ. ಎರಡೂ ಕಡೆಯವರು ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಹರಾಜು ಕೂಗುವ ಮಾರುಕಟ್ಟೆ ಇದು.

ಅರ್ಥಶಾಸ್ತ್ರದಲ್ಲಿ ಈ ಎರಡು ಸಂಗತಿಗೂ ಹೆಸರಾಂತ ಕೆಲಸಗಳಿವೆ. ಖಾಲಿ ಹುದ್ದೆಯೂ ನಿರುದ್ಯೋಗಿಯೂ ಒಂದೇ ಊರಿನಲ್ಲಿ ಒಂದೇ ಸಮಯದಲ್ಲಿ ಯಾಕಿರುತ್ತಾರೆ, ಹುಡುಕಾಟಕ್ಕೇ ಎಷ್ಟು ಖರ್ಚು, ಎಷ್ಟು ಸಮಯ ಹಿಡಿಯುತ್ತದೆ ಎಂದು ವಿವರಿಸಿದ್ದಕ್ಕೆ ಪೀಟರ್ ಡೈಮಂಡ್, ಡೇಲ್ ಮಾರ್ಟೆನ್ಸೆನ್, ಕ್ರಿಸ್ಟೊಫರ್ ಪಿಸಾರಿಡಿಸ್ ಅವರಿಗೆ 2010ರ ನೊಬೆಲ್ ಬಂತು. ಅದಕ್ಕೂ ಮುಂಚೆ, 1970ರಲ್ಲಿ, ಜಾರ್ಜ್ ಅಕರ್ಲಾಫ್ ಹಳೇ ಕಾರುಗಳ ಉದಾಹರಣೆ ಕೊಟ್ಟು ಒಂದು ಮಾತು ಹೇಳಿದ್ದರು: ಒಳ್ಳೆಯ ಮಾಲು ಯಾವುದು, ಕೆಟ್ಟದ್ದು ಯಾವುದು ಎಂದು ಕೊಳ್ಳುವವನಿಗೆ ತಿಳಿಯದಿದ್ದರೆ ಅವನು ಎಲ್ಲದಕ್ಕೂ ಕಡಿಮೆ ಬೆಲೆಯನ್ನೇ ಹೇಳುತ್ತಾನೆ, ಆಗ ಒಳ್ಳೆಯ ಮಾಲಿನವನು ಸಂತೆಗೆ ಬರುವುದನ್ನೇ ಬಿಡುತ್ತಾನೆ. ಉಚಿತ ಜಾಬ್ ಗ್ರೂಪ್‌ಗಳು ಸುಳ್ಳು ಮೆಸೇಜಿನಿಂದ ತುಂಬಿಹೋಗಿ, ನಿಜವಾಗಿ ಜನ ಬೇಕಾದ ಮಾಲೀಕರು ಅಲ್ಲಿಂದ ಹೊರಬೀಳುವುದು ಇದೇ ರೀತಿ.

ಮೇಸ್ತ್ರಿ ಮಾರುವುದೇನು?

ಈ ಕಣ್ಣುಕಟ್ಟಿನ ಮಾರುಕಟ್ಟೆಗೆ ನಮ್ಮ ಊರುಗಳು ಬಹಳ ಹಿಂದೆಯೇ ಒಂದು ಉಪಾಯ ಕಂಡುಕೊಂಡಿವೆ. ಯಾವ ಗೇಟಿಗೆ ಹೋದರೂ, ಯಾವ ಸೈಟಿಗೆ ಹೋದರೂ ಮೊದಲು ಬರುವ ಪ್ರಶ್ನೆ “ಏನು ಓದಿದ್ದೀಯಾ” ಅಲ್ಲ, “ಯಾರ ಕಡೆಯವನಪ್ಪಾ ನೀನು?” ಎಂದು. “ತೊಂಡೇಭಾವಿ ಮೇಸ್ತ್ರಿ ಕಳಿಸಿದ್ದು ಸಾರ್” ಎಂದರೆ ಬಾಗಿಲು ತೆರೆಯುತ್ತದೆ.

ಟೊಮೆಟೊ ಬಿಡಿಸಲು, ಮೋಲ್ಡ್ ಹಾಕಲು, ಗೂಡು ಬಿಡಿಸಲು ಜನ ಕರೆತರುವ ಮೇಸ್ತ್ರಿ ತಲೆಗಿಷ್ಟು ಎಂದು ಕಮಿಷನ್ ತೆಗೆದುಕೊಳ್ಳುತ್ತಾನೆ, ಕೆಲವರು ಕೂಲಿಯಲ್ಲೂ ಮುರಿದುಕೊಳ್ಳುತ್ತಾರೆ. ಹಾಗಾಗಿ ಆ್ಯಪ್ ಮಾಡಲು ಹೊರಟವರು ಮೊದಲು ಹೇಳುವುದು, “ನಡುವಿನವನನ್ನು ತೆಗೆದುಹಾಕುತ್ತೇವೆ” ಎಂದು. ಆದರೆ ಮೇಸ್ತ್ರಿ ಮಾಡುವ ಕೆಲಸದಲ್ಲಿ ಸುದ್ದಿ ತಲುಪಿಸುವುದು ಚಿಕ್ಕ ಪಾಲು. ಅವನು ಮಾಲೀಕನಿಗೆ ಜನರ ಬಗ್ಗೆ ಜಾಮೀನು. ಒಬ್ಬ ಬಾರದಿದ್ದರೆ ಇನ್ನೊಬ್ಬನನ್ನು ಕರೆತರುತ್ತಾನೆ. ಜನರಿಗೆ ಮಾಲೀಕನ ಬಗ್ಗೆಯೂ ಅವನೇ ಜಾಮೀನು, ಸಂಬಳ ತಡವಾದರೆ ಹೋಗಿ ಕೇಳುವವನು ಅವನೇ. ಮನೆಯಲ್ಲಿ ಯಾರಿಗೋ ಹುಷಾರಿಲ್ಲದಿದ್ದರೆ ಮುಂಗಡ ಕೊಡುವವನೂ ಅವನೇ, ಆ ಮುಂಗಡದ ಹಗ್ಗದಲ್ಲಿ ಕಟ್ಟಿಹಾಕುವವನೂ ಅವನೇ. ಅವನನ್ನು ತೆಗೆದುಹಾಕಿದರೆ ಈ ಕೆಲಸಗಳನ್ನೆಲ್ಲ ಯಾರಾದರೂ ಮಾಡಬೇಕು. ಫೋನ್ ನಂಬರುಗಳ ಪಟ್ಟಿ ಅದನ್ನು ಮಾಡುವುದಿಲ್ಲ.

ಪರಿಚಯದಿಂದ ಕೆಲಸ ಸಿಗುವುದು ನಮ್ಮ ಹಿಂದುಳಿದಿರುವಿಕೆ ಎಂದುಕೊಳ್ಳಬೇಡಿ. ಅಮೆರಿಕದ ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ 1970ರ ದಶಕದ ಆರಂಭದಲ್ಲಿ ಬಾಸ್ಟನ್ ಬಳಿಯ ಓದಿದ ನೌಕರರನ್ನೇ ಕೇಳಿದಾಗ, ಬಹಳಷ್ಟು ಜನ ಕೆಲಸ ಕಂಡುಕೊಂಡದ್ದು ಪರಿಚಯದವರಿಂದಲೇ. ಆದರೆ ಯಾವ ಪರಿಚಯ? ಆಗಾಗ ಭೇಟಿಯಾಗುವ ಆಪ್ತರಿಂದ ಕೆಲಸ ಸಿಕ್ಕವರು 16.7% ಮಾತ್ರ. ಅಪರೂಪಕ್ಕೆ ಸಿಗುವವರಿಂದ, ಬಹುಕಾಲದಿಂದ ಕಾಣದವರಿಂದ ಸಿಕ್ಕವರೇ ಉಳಿದವರೆಲ್ಲ. ಕಾರಣ ಸರಳ. ನಿಮ್ಮ ಆಪ್ತರಿಗೆ ಗೊತ್ತಿರುವುದು ನಿಮಗೂ ಗೊತ್ತಿರುತ್ತದೆ. ಹಿಂದೂಪುರದ ರೈಲಿನಲ್ಲಿ ಎಂದೋ ಪರಿಚಯವಾದವನಿಗೆ ಗೊತ್ತಿರುವುದು ನಿಮಗೆ ಗೊತ್ತಿರುವುದಿಲ್ಲ. 2022ರಲ್ಲಿ ಲಿಂಕ್ಡ್‌ಇನ್‌ನ ಸುಮಾರು ಎರಡು ಕೋಟಿ ಬಳಕೆದಾರರ ಮೇಲೆ ನಡೆದ ಪ್ರಯೋಗಗಳ ವರದಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂದಾಗಲೂ ಹೆಚ್ಚುಕಡಿಮೆ ಇದೇ ಕಂಡಿತು: ತೀರಾ ಆಪ್ತರಿಗಿಂತ ಮಧ್ಯಮ ದೂರದ ಪರಿಚಯದಿಂದ ಕೆಲಸ ಬದಲಾಗುವ ಸಾಧ್ಯತೆ ಹೆಚ್ಚು.

ಇಲ್ಲಿ ಒಂದು ಕಹಿ ಇದೆ. “ಯಾರ ಕಡೆಯವರು” ಎಂಬ ಪ್ರಶ್ನೆಗೆ ಕೆಲವರ ಬಳಿ ಮಾತ್ರ ಉತ್ತರ ಇರುತ್ತದೆ. ಮೇಸ್ತ್ರಿ ತನ್ನ ಊರಿನವರನ್ನು, ತನ್ನ ಜಾತಿಯವರನ್ನು ಮೊದಲು ಕರೆಯುತ್ತಾನೆ. ಮುಂಬೈನ ದಾದರ್‌ ಶಾಲೆಗಳ ಬಗ್ಗೆ ಕೈವನ್ ಮುನ್ಷಿ ಮತ್ತು ಮಾರ್ಕ್ ರೋಸೆನ್‌ಜ್ವೈಗ್ 2006ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಒಂದು ವಿಚಿತ್ರ ಕಂಡಿತ್ತು. ಜಾತಿಯ ಜಾಲದಿಂದ ಗಿರಣಿ-ಕಾರ್ಖಾನೆ ಕೆಲಸ ಸಿಗುತ್ತಿದ್ದ ಸಮುದಾಯಗಳಲ್ಲಿ ಗಂಡುಮಕ್ಕಳು ಮರಾಠಿ ಶಾಲೆಗೆ ಹೋಗಿ ಅದೇ ಹಳೆಯ ಕೆಲಸಗಳಿಗೆ ಸೇರುತ್ತಲೇ ಇದ್ದರು. ಆ ಜಾಲದಲ್ಲಿ ಜಾಗವೇ ಇಲ್ಲದಿದ್ದ ಹೆಣ್ಣುಮಕ್ಕಳು ಇಂಗ್ಲಿಷ್ ಶಾಲೆಗೆ ಸೇರಿ ಮುಂದೆ ಹೋಗುತ್ತಿದ್ದರು. ಪರಿಚಯವೆಂಬುದು ಕೈಹಿಡಿದು ಮೇಲೆತ್ತುತ್ತದೆ, ಅದೇ ಕೈ ಇದ್ದಲ್ಲೇ ಕೂರಿಸಿಬಿಡುತ್ತದೆ ಕೂಡ. ಕೆಲಸ ಹುಡುಕಿಕೊಡುವ ವ್ಯಾಪಾರಕ್ಕೆ ನಿಜವಾದ ಅವಕಾಶ ಇರುವುದು ಇಲ್ಲಿ, ಯಾರ ಕಡೆಯವರೂ ಅಲ್ಲದವರ ಪರವಾಗಿ ಒಂದು ಮಾತು ಹೇಳುವುದರಲ್ಲಿ.

ಬೆಂಗಳೂರಿನಲ್ಲಿ ಒಬ್ಬರು ಇದನ್ನು ಮಾಡಿ ನೋಡಿದರು

ಮೈಕ್ರೋಸಾಫ್ಟ್‌ನ ಸಂಶೋಧನಾ ಕೇಂದ್ರ ಕಟ್ಟಲು ಬೆಂಗಳೂರಿಗೆ ಬಂದಿದ್ದ ಅಮೆರಿಕದ ಶಾನ್ ಬ್ಲಾಗ್ಸ್‌ವೆಟ್ ಎಂಬುವರು ಡ್ಯೂಕ್ ವಿಶ್ವವಿದ್ಯಾಲಯದ ಅನಿರುದ್ಧ ಕೃಷ್ಣ ಅವರ ಸಂಶೋಧನೆಯೊಂದನ್ನು ಓದಿದರು. ಹಳ್ಳಿಗಳಲ್ಲಿ ಯಾರು ಬಡತನದಿಂದ ಹೊರಬಂದರು, ಯಾರು ಮತ್ತೆ ಬಿದ್ದರು ಎಂದು ಮನೆಮನೆ ವಿಚಾರಿಸಿದ ಸಂಶೋಧನೆ ಅದು. ಹೊರಬಂದ ಮನೆಗಳಲ್ಲಿ ಹೆಚ್ಚಿನವು ಬೇಸಾಯದ ಜೊತೆಗೆ ಇನ್ನೊಂದು ಆದಾಯದ ದಾರಿ ಹಿಡಿದಿದ್ದವು. ಪಟ್ಟಣದ ಕೆಲಸದ ದಾರಿ ತೋರಿಸಲು ಬಹಳ ಕಡೆ ಒಬ್ಬ ನೆಂಟನೋ ಪರಿಚಯದವನೋ ಬೇಕಾಗಿದ್ದ. ಆ ಪರಿಚಯದ ಜಾಗದಲ್ಲಿ ಕಂಪ್ಯೂಟರ್ ಕೂರಿಸಬಹುದೇ ಎಂಬ ಯೋಚನೆಯಿಂದ 2007ರಲ್ಲಿ ‘ಬಾಬಾಜಾಬ್’ ಹುಟ್ಟಿತು. ಮನೆಗೆಲಸದವರು, ಡ್ರೈವರ್‌ಗಳು, ಅಡುಗೆಯವರು, ಬಣ್ಣ ಬಳಿಯುವವರಿಗೆ ಕೆಲಸ ಹುಡುಕಿಕೊಡುವ ತಾಣ.

ಶುರುವಿನ ಯೋಚನೆ ಬಹಳ ಚೆನ್ನಾಗಿತ್ತು. ಮನೆಗೆಲಸಕ್ಕೆ ಯಾರೂ ಅಪರಿಚಿತರನ್ನು ಒಳಗೆ ಬಿಡುವುದಿಲ್ಲ. ಗೆಳೆಯರ ಗೆಳೆಯರ ಮನೆಯಲ್ಲಿ ಕೆಲಸ ಮಾಡಿದವರು ಎಂದರೆ ಬಿಡುತ್ತಾರೆ. ಆ ಸರಪಳಿಯನ್ನೇ ಕಾಣಿಸುವಂತೆ ಮಾಡುವುದು, ಕೆಲಸ ಕೂಡಿದರೆ ಪರಿಚಯ ಮಾಡಿಸಿದವರಿಗೂ ಒಂದಿಷ್ಟು ಹಣ ಕೊಡುವುದು ಎಂದು ಲೆಕ್ಕ. ಕೆಲಸ ಹುಡುಕುವವರ ಬಳಿ ಕಂಪ್ಯೂಟರ್ ಇರಲಿಲ್ಲ, ಹಾಗಾಗಿ ಸೈಬರ್ ಕೆಫೆಯವರು, ಸೇವಾ ಸಂಸ್ಥೆಗಳವರು ಅವರ ಹೆಸರು ದಾಖಲಿಸಿದರೆ ಅವರಿಗೂ ದುಡ್ಡು. ಹಣ ಕೊಡುವವರು ಮಾಲೀಕರು.

ಆಮೇಲಿನ ವರ್ಷಗಳಲ್ಲಿ ಮಿಸ್ಡ್ ಕಾಲ್, ಎಸ್‌ಎಂಎಸ್, ಧ್ವನಿ ಕರೆ ಎಲ್ಲವನ್ನೂ ಅದು ಬಳಸಿತು. 2017ರಲ್ಲಿ ಕ್ವಿಕರ್ ಕಂಪನಿ ಅದನ್ನು ಕೊಂಡುಕೊಂಡಿತು. ಅದೇ ಬೆಂಗಳೂರಿನ ‘ಲೇಬರ್‌ನೆಟ್’ ಇನ್ನೊಂದು ಉದಾಹರಣೆ. ಕಟ್ಟಡ ಕೆಲಸಗಾರರ ಹೆಸರು ದಾಖಲಿಸಿ, ಗುರುತಿನ ಚೀಟಿ ಕೊಟ್ಟು, ಕೆಲಸಕ್ಕೆ ಜೋಡಿಸುವುದರಿಂದ ಶುರುಮಾಡಿದ ಅದು ಹೋಗುತ್ತಾ ಹೋಗುತ್ತಾ ಕೌಶಲ್ಯ ತರಬೇತಿಯ ಕಡೆಗೆ ಹೆಚ್ಚು ವಾಲಿತು. 2019ರಲ್ಲಿ ನಿರ್ಮಿತ್ ಪರೀಖ್ ಶುರುಮಾಡಿದ ‘ಅಪ್ನಾ’ ಎರಡೇ ವರ್ಷದಲ್ಲಿ, 2021ರ ಸೆಪ್ಟೆಂಬರ್‌ನಲ್ಲಿ, ಹೂಡಿಕೆದಾರರ ಲೆಕ್ಕದಲ್ಲಿ ನೂರು ಕೋಟಿ ಡಾಲರ್ ದಾಟಿತು. ಆ ಹೊತ್ತಿಗೆ ಕೈಕೈಗೆ ಸ್ಮಾರ್ಟ್‌ಫೋನ್ ಬಂದಿತ್ತು, ಸೈಬರ್ ಕೆಫೆಯವನ ಹಂಗು ಬೇಕಿರಲಿಲ್ಲ.

ನನಗನ್ನಿಸುವುದು, ಬಾಬಾಜಾಬ್‌ನ ಮೊದಲ ಯೋಚನೆಯೇ ಇವೆಲ್ಲದರಲ್ಲಿ ಹೆಚ್ಚು ಸರಿಯಾದದ್ದು, ಹಾಗೆಯೇ ದೊಡ್ಡದು ಮಾಡಲು ಹೆಚ್ಚು ಕಷ್ಟವಾದದ್ದು. ಲಕ್ಷ ಹೆಸರು ಸೇರಿಸುವುದು ಸಾಫ್ಟ್‌ವೇರ್ ಕೆಲಸ. ಒಬ್ಬರ ಬಗ್ಗೆ “ನಾನು ನೋಡಿದ್ದೇನೆ, ಒಳ್ಳೆಯವರು” ಎಂದು ಹೇಳಿಸುವುದು ಮನುಷ್ಯರ ಕೆಲಸ.

ಸರ್ಕಾರವೂ ಸುಮ್ಮನಿರಲಿಲ್ಲ. 25 ಅಥವಾ ಅದಕ್ಕಿಂತ ಹೆಚ್ಚು ಜನರಿರುವ ಖಾಸಗಿ ಸಂಸ್ಥೆಗಳೂ ಖಾಲಿ ಹುದ್ದೆಗಳನ್ನು ಉದ್ಯೋಗ ವಿನಿಮಯ ಕಚೇರಿಗೆ ತಿಳಿಸಬೇಕು ಎಂದು 1959ರಲ್ಲೇ ಕಾಯ್ದೆ ಬಂತು. ಅದರಡಿ ತಿಳಿಸುವುದು ಕಡ್ಡಾಯವಾಗಿತ್ತು, ಆದರೆ ಅಲ್ಲಿಂದಲೇ ಜನರನ್ನು ತೆಗೆದುಕೊಳ್ಳಬೇಕೆಂಬ ಕಡ್ಡಾಯವಿರಲಿಲ್ಲ. ಸುದ್ದಿ ಇದ್ದೂ ಜಾಮೀನು ಇಲ್ಲದ ವ್ಯವಸ್ಥೆ. 2015ರ ಜುಲೈನಲ್ಲಿ ಬಂದ ‘ನ್ಯಾಷನಲ್ ಕೆರಿಯರ್ ಸರ್ವಿಸ್’ ತಾಣದಲ್ಲಿ ಹೆಸರು ನೋಂದಾಯಿಸಲು ದುಡ್ಡಿಲ್ಲ. ಇದನ್ನು ಫಾರ್ವರ್ಡ್ ಮಾಡುವವರು ಕಡಿಮೆ, ಏನು ಮಾಡೋಣ.

ಮೆಸೇಜು ಹೆಚ್ಚಾದರೆ ಕೆಲಸ ಕಡಿಮೆಯಾಗಬಹುದೇ?

ವಿಚಿತ್ರವೆನಿಸಿದರೂ ಭಾರತದಲ್ಲೇ ಹೀಗೆ ಕಂಡಿದೆ. ವೃತ್ತಿ ತರಬೇತಿ ಮುಗಿಸಿದ ಎರಡು ಸಾವಿರಕ್ಕೂ ಹೆಚ್ಚು ಯುವಜನರನ್ನು ಗುಂಪುಗಳಾಗಿ ವಿಂಗಡಿಸಿ, ಕೆಲವರ ಹೆಸರನ್ನು ಉದ್ಯೋಗ ತಾಣವೊಂದಕ್ಕೆ ಸೇರಿಸಿ ಕೆಲಸದ ಮೆಸೇಜು ಬರುವಂತೆ ಮಾಡಿದರು. ಎರಿನ್ ಕೆಲ್ಲಿ, ಕ್ರಿಸ್ಟೊಫರ್ ಕ್ಸೋಲ್, ಜೆರೆಮಿ ಮ್ಯಾಗ್ರುಡರ್ ಅವರ ಈ ಅಧ್ಯಯನದಲ್ಲಿ, ಮೆಸೇಜು ಬಂದವರು ಆರಂಭದಲ್ಲಿ ಹೆಚ್ಚಲ್ಲ, ಕಡಿಮೆ ಕೆಲಸ ಮಾಡುತ್ತಿದ್ದರು. ಫೋನಿನಲ್ಲಿ ಕೆಲಸಗಳ ಸಾಲು ಕಂಡಾಗ “ಇದಕ್ಕಿಂತ ಒಳ್ಳೆಯದು ಬರುತ್ತದೆ” ಎಂದು ಕೈಗೆ ಬಂದದ್ದನ್ನು ಬಿಟ್ಟು ಕಾದರು. ಸುಮಾರು ಒಂದು ವರ್ಷವಾಗುವಷ್ಟರಲ್ಲಿ ಆಸೆ ಇಳಿದು ಎಲ್ಲ ಮೊದಲಿನಂತಾಯಿತು.

ಈಗ ಮೇಲಿನ 25,000 ಸಂಬಳದ ಫಾರ್ವರ್ಡನ್ನು ಮತ್ತೆ ಓದಿ. 750 ರೂಪಾಯಿ ಕಳೆದುಕೊಳ್ಳದ ಹುಡುಗನಿಗೂ ಅದರಿಂದ ನಷ್ಟವಾಗಬಹುದು. ಕುಡುಮಲಕುಂಟೆಯಲ್ಲಿ ಸಿಗುತ್ತಿದ್ದ ಕಡಿಮೆ ಸಂಬಳದ, ಆದರೆ ನಿಜವಾದ ಕೆಲಸವನ್ನು ಅವನು ಬೇಡವೆಂದು ಬಿಟ್ಟಿರಬಹುದು. “ಶೇರ್ ಮಾಡಿದರೆ ಹೋಗುವುದೇನು” ಎನ್ನುವವರಿಗೆ ಉತ್ತರ ಇದು.

ಇದಕ್ಕೆ ಎದುರಾಗಿ ಕಾಗದದ ಒಂದು ತುಂಡು ಎಷ್ಟು ಕೆಲಸ ಮಾಡುತ್ತದೆ ನೋಡಿ. ದಕ್ಷಿಣ ಆಫ್ರಿಕಾದಲ್ಲಿ ಹಿಂದಿನ ಮಾಲೀಕರಿಂದ ಶಿಫಾರಸು ಪತ್ರ ತಂದು ಅರ್ಜಿಗೆ ಲಗತ್ತಿಸಿದಾಗ, ಮಾಲೀಕರು ಮರಳಿ ಕರೆ ಮಾಡುವುದು 60% ಹೆಚ್ಚಾಯಿತು. ಹೆಚ್ಚು ಅನುಕೂಲವಾದದ್ದು ಹೆಂಗಸರಿಗೆ. ನಮ್ಮಲ್ಲಿ ಆರು ವರ್ಷ ಹೊಲಿಗೆ ಮೆಷಿನ್ ಮುಂದೆ ಕೂತ ಹೆಣ್ಣುಮಗಳು ಒಂದು ಗಾರ್ಮೆಂಟ್ಸ್ ಬಿಟ್ಟು ಇನ್ನೊಂದಕ್ಕೆ ಹೋಗುವಾಗ ಬರಿಗೈಯಲ್ಲಿ ಹೋಗಿ ಹೊಸಬಳಂತೆ ನಿಲ್ಲುತ್ತಾಳೆ. ಪಿಎಫ್ ಕಟ್ಟಿದ ಕಡೆ ಕೆಲಸ ಮಾಡಿದವರ 12 ಅಂಕಿಯ ಯುಎಎನ್ ನಂಬರಿನಲ್ಲಿ ಎಲ್ಲಿ, ಎಷ್ಟು ದಿನ ದುಡಿದರು ಎಂಬ ದಾಖಲೆ ಇರುತ್ತದೆ. ಅದನ್ನು ಫೋನಿನಲ್ಲೇ ತೆಗೆದು ತೋರಿಸಬಹುದು ಎಂದು ಹೇಳಿಕೊಡುವುದೇ ಒಂದು ಸೇವೆ.

ದುಡ್ಡು ಯಾರು ಕೊಡಬೇಕು, ಯಾವಾಗ ಕೊಡಬೇಕು

ಈ ವ್ಯಾಪಾರದ ಹೃದಯ ಇಲ್ಲಿದೆ. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ 1997ರ 181ನೇ ಒಡಂಬಡಿಕೆ, ಖಾಸಗಿ ಉದ್ಯೋಗ ಏಜೆನ್ಸಿಗಳು ಕೆಲಸಗಾರರಿಂದ ಶುಲ್ಕ ಪಡೆಯಬಾರದು ಎನ್ನುತ್ತದೆ. ವಿದೇಶಕ್ಕೆ ಕಳಿಸುವ ಏಜೆಂಟರಿಗೆ ನಮ್ಮ ದೇಶದಲ್ಲಿ 1983ರ ವಲಸೆ ಕಾಯ್ದೆಯಡಿ ನೋಂದಣಿ ಕಡ್ಡಾಯ, ಅವರು ಪಡೆಯಬಹುದಾದ ಸೇವಾ ಶುಲ್ಕಕ್ಕೂ 30,000 ರೂಪಾಯಿ ಮತ್ತು ಜಿಎಸ್‌ಟಿ ಎಂಬ ಮಿತಿ ಇದೆ. ಬಡವರಿಂದ ಹಣ ಕೀಳಬಾರದು ಎಂಬ ಕನಿಕರಕ್ಕಷ್ಟೇ ಈ ನಿಯಮಗಳಲ್ಲ. ಲೆಕ್ಕ ಹಾಕಿದರೆ ಇನ್ನೊಂದು ಕಾರಣ ಕಾಣುತ್ತದೆ.

ಗೌರಿಬಿದನೂರಿನಲ್ಲಿ ನೀವೇ ಒಂದು ಚಿಕ್ಕ ಕಚೇರಿ ತೆರೆದಿರಿ ಎಂದುಕೊಳ್ಳಿ. ಇಲ್ಲಿಂದ ಮುಂದಿನ ಅಂಕಿಗಳು ಊಹೆಯವು, ಲೆಕ್ಕದ ದಾರಿ ಮಾತ್ರ ನಿಜ. 100 ಜನರಿಗೆ ಫೋನ್ ಮಾಡಿದಿರಿ. 40 ಜನ “ಬರ್ತೀವಿ ಅಕ್ಕಾ” ಎಂದರು. ಗೇಟಿಗೆ ಬಂದವರು 20. ಸೇರಿದವರು 12. ಒಂದು ತಿಂಗಳಾದ ಮೇಲೂ ಉಳಿದವರು 7. ಉಳಿದ ಒಬ್ಬೊಬ್ಬರಿಗೆ ಕಾರ್ಖಾನೆ 2,000 ರೂಪಾಯಿ ಕೊಟ್ಟರೆ ನಿಮ್ಮ ಕೈಗೆ 14,000. ಫೋನ್ ಮಾಡಲು, ಹಳ್ಳಿಗೆ ಹೋಗಿ ಮಾತಾಡಲು ಇಬ್ಬರನ್ನಿಟ್ಟು ತಿಂಗಳಿಗೆ ಒಟ್ಟು 24,000 ಸಂಬಳ ಕೊಟ್ಟರೂ ನಷ್ಟ. ಆ ಸಂಬಳ ಹುಟ್ಟಬೇಕಾದರೆ 12 ಜನ ಉಳಿಯಬೇಕು, ಅಂದರೆ ಸುಮಾರು 170 ಜನರಿಗೆ ಫೋನ್ ಮಾಡಬೇಕು. ಬಾಡಿಗೆ, ಬಸ್ಸಿನ ಖರ್ಚು ಇನ್ನೂ ಸೇರಿಸಿಲ್ಲ.

ಈಗ ಇನ್ನೊಂದು ದಾರಿ. ಅದೇ 100 ಜನರಿಂದ ತಲಾ 300 ರೂಪಾಯಿ ನೋಂದಣಿ ಶುಲ್ಕ ತೆಗೆದುಕೊಂಡರೆ ಮೊದಲ ದಿನವೇ 30,000. ಯಾರೂ ಗೇಟು ದಾಟದಿದ್ದರೂ ನಿಮಗೆ ಚಿಂತೆಯಿಲ್ಲ. ಮುಂದಿನ ತಿಂಗಳು ಇನ್ನೂ 100 ಜನ ಬೇಕು, ಆದ್ದರಿಂದ ಸಂಬಳ 15,000 ಇದ್ದರೆ 25,000 ಎಂದು ಬರೆಯುವ ಆಸೆ ಹುಟ್ಟುತ್ತದೆ. ಒಳ್ಳೆಯ ಉದ್ದೇಶದಿಂದ ಶುರುವಾದ ಕಚೇರಿಯೂ ಹೀಗೆಯೇ ಅಡ್ಡದಾರಿ ಹಿಡಿಯುತ್ತದೆ. ಕೆಲಸಗಾರ ಮುಂಗಡ ಕೊಟ್ಟರೆ ಏಜೆಂಟನಿಗೆ ಲಾಭ ಬರುವುದು ಬಂದವರ ಸಂಖ್ಯೆಯಿಂದ. ಮಾಲೀಕ ತಿಂಗಳಾದ ಮೇಲೆ ಕೊಟ್ಟರೆ ಲಾಭ ಬರುವುದು ಉಳಿದವರ ಸಂಖ್ಯೆಯಿಂದ.

ಉಳಿಯಬೇಕಾದರೆ ನಿಜ ಹೇಳಬೇಕಾಗುತ್ತದೆ. ಉದಾಹರಣೆಗೆ, “ಸಂಬಳ 15,000” ಎಂದು ಕೇಳಿ ಸೇರಿದವಳ ಪೂರ್ತಿ ಸಂಬಳಕ್ಕೆ ಪಿಎಫ್ ಅನ್ವಯಿಸಿದರೆ 12% ಎಂದು 1,800, ಇಎಸ್‌ಐ 0.75% ಎಂದು 113 ಕಡಿತವಾಗಿ ಕೈಗೆ ಬರುವುದು 13,087. ಇದನ್ನು ಮೊದಲೇ ಹೇಳದಿದ್ದರೆ ಮೊದಲ ಸಂಬಳದ ದಿನ “ಮೋಸ ಮಾಡಿದ್ರು” ಎಂದು ಅವಳು ಕೆಲಸ ಬಿಡುತ್ತಾಳೆ. ಪಿಎಫ್‌ಗೆ ಕಂಪನಿಯೂ ಹಣ ಹಾಕುತ್ತದೆ, ಇಎಸ್‌ಐನಿಂದ ಮನೆಯವರಿಗೂ ಚಿಕಿತ್ಸೆ ಸಿಗುತ್ತದೆ ಎಂದು ಮೊದಲೇ ಕೂರಿಸಿ ಹೇಳಿದ್ದರೆ ಉಳಿಯುತ್ತಿದ್ದಳೋ ಏನೋ.

ದೂರವೂ ಸಂಬಳದ ಒಂದು ಭಾಗವೇ. ಗೌರಿಬಿದನೂರಿನಿಂದ ದೊಡ್ಡಬಳ್ಳಾಪುರ, ಯಲಹಂಕ ದಾಟಿ ಬೆಂಗಳೂರಿಗೆ ರೈಲಿದೆ, ಹಾಗಾಗಿ ದೊಡ್ಡಬಳ್ಳಾಪುರದ ಅಪೆರಲ್ ಪಾರ್ಕಿನ ಕೆಲಸವೂ ನಮ್ಮ ತಾಲ್ಲೂಕಿನದೇ ಎಂಬಂತೆ ಕಾಣುತ್ತದೆ. ಆದರೆ ಸ್ಟೇಷನ್ನಿನಿಂದ ಹನ್ನೆರಡು ಕಿಲೋಮೀಟರ್ ಒಳಗಿನ ಹಳ್ಳಿಯವಳಿಗೆ ರೈಲು ಇದ್ದೂ ಇಲ್ಲ. ಶಿಫ್ಟ್ ಬಿಟ್ಟಾಗ ಕೊನೆಯ ಬಸ್ಸು ಹೋಗಿದ್ದರೆ ಆ ಕೆಲಸ ಅವಳ ಪಾಲಿಗೆ ಇಲ್ಲ. ಜಾಬ್ ಆ್ಯಪ್‌ನಲ್ಲಿ “25 ಕಿ.ಮೀ. ದೂರ” ಎಂದು ತೋರಿಸುವ ಬದಲು “ನಿಮ್ಮೂರಿಗೆ ವ್ಯಾನು ಬರುತ್ತದೆ, ಸಂಜೆ 6.40ಕ್ಕೆ ಬಿಡುತ್ತದೆ” ಎಂದು ತೋರಿಸಲು ಯಾರಾದರೂ ಕಾರ್ಖಾನೆಗೆ ಹೋಗಿ ಕೇಳಿಕೊಂಡು ಬರಬೇಕು. ಸ್ಥಳೀಯರು ದೊಡ್ಡ ಕಂಪನಿಗಳಿಗಿಂತ ಚೆನ್ನಾಗಿ ಮಾಡಬಲ್ಲ ಕೆಲಸ ಇದು. ಬಂಡವಾಳವೂ ಹೆಚ್ಚು ಬೇಡ. ನಾಲ್ಕು ಕಾರ್ಖಾನೆ, ನಲವತ್ತು ಹಳ್ಳಿ, ಪ್ರತಿ ಹಳ್ಳಿಯಲ್ಲಿ ಎಲ್ಲರೂ ಬಲ್ಲ ಒಬ್ಬ ಹೆಂಗಸು, ಮಹಿಳಾ ಸಂಘದವರಾದರೆ ಇನ್ನೂ ಒಳ್ಳೆಯದು. “ಯಾರ ಕಡೆಯವರು” ಎಂದರೆ ಹೇಳಲು ಒಂದು ಹೆಸರು. ಕಾರ್ಖಾನೆ ಹೇಗಿದೆ ಎಂದು ಮೊದಲು ಹೋದವರು ಬಂದು ಅವರಿಗೇ ಹೇಳುತ್ತಾರೆ, ಅದೇ ನಿಮ್ಮ ರೇಟಿಂಗ್. ಕೆಟ್ಟ ಸೂಪರ್‌ವೈಸರ್ ಇರುವ ಕಡೆಗೆ ಜನ ಕಳಿಸುವುದಿಲ್ಲ ಎನ್ನುವ ಧೈರ್ಯ ನಿಮಗಿರಬೇಕು. ನಾಲ್ಕೇ ಗಿರಾಕಿಗಳಿದ್ದಾಗ ಒಬ್ಬರನ್ನು ಬಿಡುವುದು ಸುಲಭವಲ್ಲ, ಅದೂ ನಿಜ.

ಒಂದು ಎಚ್ಚರಿಕೆ. ಜನರನ್ನು ಜೋಡಿಸಿ ಪಕ್ಕಕ್ಕೆ ಸರಿಯುವುದು ಒಂದು, ಜನರನ್ನು ನಿಮ್ಮ ಹೆಸರಿನಲ್ಲೇ ಇಟ್ಟುಕೊಂಡು ಕಂಪನಿಗೆ ಒದಗಿಸಿ ನೀವೇ ಸಂಬಳ ಕೊಡುವುದು ಇನ್ನೊಂದು. ಎರಡನೆಯದಕ್ಕೆ ಕೈಹಾಕಿದರೆ ಕಾನೂನಿನ ಕಣ್ಣಲ್ಲಿ ನೀವು ಗುತ್ತಿಗೆದಾರರು. ಪಿಎಫ್, ಇಎಸ್‌ಐ ಹೊಣೆ, ಜನರ ಸಂಖ್ಯೆ ಮಿತಿ ದಾಟಿದರೆ ಲೈಸೆನ್ಸು ಎಲ್ಲ ಬರುತ್ತವೆ. ಕಾರ್ಮಿಕ ಇಲಾಖೆಯಲ್ಲಿ ವಿಚಾರಿಸದೆ ಆ ಹೆಜ್ಜೆ ಇಡಬೇಡಿ.

ಫಾರ್ವರ್ಡ್ ಬಂದಾಗ

ಮುಂದಿನ ಬಾರಿ ಕೆಲಸದ ಮೆಸೇಜು ಬಂದರೆ ಕಳಿಸಿದವರನ್ನು ಮೇಸ್ತ್ರಿಗೆ ಕೇಳುವಂತೆಯೇ ಕೇಳಿ. ಕಂಪನಿಯ ಪೂರ್ತಿ ಹೆಸರೇನು, ಗೇಟು ಎಲ್ಲಿದೆ? ಕೈಗೆ ಬರುವ ಸಂಬಳ ಎಷ್ಟು? ವ್ಯಾನು ಎಲ್ಲಿಂದ, ಎಷ್ಟು ಹೊತ್ತಿಗೆ? ನಿಮಗೆ ಪರಿಚಯವಿರುವವರು ಯಾರಾದರೂ ಅಲ್ಲಿ ಕೆಲಸ ಮಾಡುತ್ತಿದ್ದಾರಾ, ಅವರ ಜೊತೆ ಮಾತಾಡಬಹುದಾ? ಉತ್ತರವಿಲ್ಲದ ಮೆಸೇಜನ್ನು ಗ್ರೂಪಿಗೆ ಹಾಕಬೇಡಿ. ಉತ್ತರ ಸಿಕ್ಕರೆ ಆ ಉತ್ತರಗಳನ್ನೂ ಸೇರಿಸಿ, ನೀವೇ ಬರೆದು, ನಿಮ್ಮ ಹೆಸರಿನಲ್ಲೇ ಹಾಕಿ.

ಆಧಾರ್ ಫೋಟೊ, ಒಟಿಪಿ ಯಾರಿಗೂ ಕಳಿಸಬೇಡಿ. ದುಡ್ಡು ಕಳಿಸಿಯೇಬಿಟ್ಟಿದ್ದರೆ ನಾಚಿಕೆಪಟ್ಟು ಕೂರದೆ ಕೂಡಲೇ 1930ಕ್ಕೆ ಕರೆ ಮಾಡಿ. ಅದು ಸೈಬರ್ ವಂಚನೆ ದೂರಿನ ರಾಷ್ಟ್ರೀಯ ಸಹಾಯವಾಣಿ. ಬೇಗ ಹೇಳಿದಷ್ಟೂ ಆ ಹಣ ಇನ್ನೊಂದು ಖಾತೆಗೆ ಹಾರುವ ಮುಂಚೆ ತಡೆಹಿಡಿಯುವ ಸಾಧ್ಯತೆ ಹೆಚ್ಚು. ಹಣ ಕಳಿಸಿದ ಸಮಯ, ಮೊತ್ತ, ವಹಿವಾಟಿನ ನಂಬರು ಮತ್ತು ಆ ಮೆಸೇಜಿನ ಸ್ಕ್ರೀನ್‌ಶಾಟ್ ಕೈಯಲ್ಲಿರಲಿ.